ತುಂತುರಿ

ಹೆಸರು ತುಂತುರಿ.
ಮಳೆಯದಲ್ಲ. ಫಿನ್ನಿಶ್‌ನಲ್ಲಿ ಹಾಗೆಂದರೆ
ಮರ ಬೆಳೆಯದ ಬೋಳು ಬೆಟ್ಟ.
ಬೆಟ್ಟದ ಮಾತು ಬಿಡಿ, ಡೈರಿಯ ಮುಂದಿನ ಪುಟ್ಟ ಏರಿಗೂ
ಇಳಿದು, ತಳ್ಳಿ, ಬೈದು,
ಮತ್ತೆ ಹತ್ತಿ ಕೂರಬೇಕು.

ಬೇಯಿಸಿದ ಲಿವರಿನ ಬಣ್ಣ ಎಂದಳು ಅಮ್ಮ.
ಹರಿದ ಸೀಟಿಗೆ ಅಪ್ಪನ ರಬ್ಬರ್ ಬೂಟಿನ ತೇಪೆ.
ಹೆಡ್‌ಲೈಟು ಎಡಕ್ಕೆ ವಾಲಿ
ರಸ್ತೆ ಬಿಟ್ಟು ಚರಂಡಿಯನ್ನೇ ನೋಡುತ್ತಿತ್ತು,
ಉಂಗುರ ಅಲ್ಲೇ ಎಲ್ಲೋ ಬಿದ್ದಿದೆ ಎಂಬಂತೆ.

ಕೊಟ್ಟವಳು ಸೈಮಿ ಅತ್ತೆ.
ಮನೆಮನೆಗೆ ಹೋಗಿ ಹಸುಗಳ ಹಾಲು ತೂಗಿ
ಕೊಬ್ಬು ಅಳೆದು ಬರೆದಿಡುವ ಕೆಲಸ ಅವಳದು.
ಕ್ಯಾರಿಯರಿನಲ್ಲಿ ಹುಳಿಹಾಲಿನ ವಾಸನೆ
ಎಷ್ಟು ಸೋಪು ಹಾಕಿದರೂ ಹೋಗಲಿಲ್ಲ.
ನಾಯಿಗಳು ಅದಕ್ಕೆ ಬೊಗಳಲಿಲ್ಲ;
ಹಸುಗಳು, ನಿಜ ಹೇಳುತ್ತೇನೆ, ಬೇಲಿಯ ತನಕ ಬಂದು
ಸಾಲಾಗಿ ನಿಲ್ಲುತ್ತಿದ್ದವು.

ರೌನೋನದು ಸುಜುಕಿ. ಕೆಂಪು.
ಪೆಟ್ರೋಲ್ ಬಂಕಿನ ಅಂಗಳದಲ್ಲಿ ಅದು ನಿಂತರೆ
ಹುಡುಗಿಯರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.
ನಾನು ಬಂದರೆ ನಗು ಶುರು.
ಹೆತ್ತವರಿಗೆ ಹೆಗ್ಗಣ ಮುದ್ದು.
ನಾನು ಹೆತ್ತಿರಲಿಲ್ಲ; ಆದರೂ ರಾತ್ರಿ ಶೆಡ್ಡಿಗೆ ಹೋಗಿ
ಬಿಸಿ ಆರುವ ಎಂಜಿನ್ನು ಟಿಕ್, ಟಿಕ್ ಅನ್ನುವುದನ್ನು
ಮುಗಿಯುವವರೆಗೂ ಕೇಳಿ ಬರುತ್ತಿದ್ದೆ.
ಹದಿನೈದು ವರ್ಷ ನನಗೆ. ಗಂಟೆಗೆ ನಲವತ್ತು ಕಿಲೋಮೀಟರ್,
ಇಳಿಜಾರಿನಲ್ಲಿ, ಗಾಳಿ ಬೆನ್ನಿಗಿದ್ದರೆ.

ಜೂನ್ ತಿಂಗಳ ಆ ರಾತ್ರಿಗಳು, ಕತ್ತಲಾಗದವು,
ಹಿಂದೆ ತುಯಿಯಾ, ನನ್ನ ಸೊಂಟ ಹಿಡಿದು
ಕಿವಿಯಲ್ಲಿ ಏನೋ ಕೂಗುತ್ತಾಳೆ;
ಸೈಲೆನ್ಸರ್ ತೂತಾದ್ದರಿಂದ
ಒಂದು ಬೇಸಿಗೆಯ ಗುಟ್ಟುಗಳಷ್ಟೂ ನನಗೆ ಕೇಳಿಸಲೇ ಇಲ್ಲ.
ಸುಮ್ಮನೆ ತಲೆಯಾಡಿಸಿದ್ದೆ.
ಯಾವುದಕ್ಕೆಲ್ಲ ಹೂಂ ಅಂದೆನೋ.

ಏಪ್ರಿಲ್.
ಕೆರೆಯ ಮಂಜುಗಡ್ಡೆ ಬೂದಿಬಣ್ಣಕ್ಕೆ ತಿರುಗಿದರೆ
ಅದರ ಮೇಲೆ ನಾಯಿಯೂ ಕಾಲಿಡುವುದಿಲ್ಲ.
ತುಯಿಯಾ ಗಾಡಿ ಕೇಳಿದಳು, ಹತ್ತು ನಿಮಿಷಕ್ಕೆ.
ಕೆರೆಯಾಚೆ ರೌನೋನ ಮನೆ,
ಸುತ್ತು ದಾರಿ ಒಂಬತ್ತು ಕಿಲೋಮೀಟರ್.
ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ,
ಏರನ್ನು ಕಂಡರಾಗದ ನನ್ನ ಗಾಡಿ
ನೀರಿಗೆ ಮಾತ್ರ ಒಂದೇ ಸಲಕ್ಕೆ ಇಳಿಯಿತು.

ಅವಳು ಹಾರಿಕೊಂಡಳು. ಹೊಟ್ಟೆಯ ಮೇಲೆ ತೆವಳಿ
ದಡ ಮುಟ್ಟಿದಳು, ಒಂದು ಬೂಟಿನಲ್ಲಿ.
ರೌನೋನ ತಾಯಿ ಅವಳನ್ನು ಸೌನಾದಲ್ಲಿ ಕೂರಿಸಿ
ಬೈದರಂತೆ, ಬೆವರುವ ತನಕ.
ರೌನೋ ಮನೆಯಲ್ಲೇ ಇರಲಿಲ್ಲ.

ಎಂಜಿನ್ ನಿಂತರೆ ದೀಪವೂ ಆರುತ್ತದೆ
ಆ ಗಾಡಿಗಳಲ್ಲಿ. ಬ್ಯಾಟರಿ ಇರುವುದಿಲ್ಲ. ನನಗೆ ಗೊತ್ತು.
ತುಯಿಯಾಗೂ ಗೊತ್ತು.
ಆದರೂ ಇಂದಿಗೂ ಆಣೆ ಹಾಕುತ್ತಾಳೆ:
ಉರಿಯುತ್ತಲೇ ಇಳಿಯಿತು ಕಣೇ,
ಮಂಜಿನ ಕೆಳಗೆ ಹಳದಿಯಾಗಿ,
ಎಡಕ್ಕೆ ವಾಲಿಕೊಂಡು,
ಏನನ್ನೋ ಹುಡುಕುತ್ತಾ.

ಈಗ ನಾನು ಬಸ್ಸು ಓಡಿಸುತ್ತೇನೆ, ಇಪ್ಪತ್ತಾರು ವರ್ಷವಾಯಿತು.
ಮುಂದೆ ಯಾವನೋ ಹುಡುಗ ಮೊಪೆಡ್ಡಿನಲ್ಲಿ
ಹೊಗೆ ಕಾರುತ್ತಾ, ಕುತ್ತಿಗೆ ಚಾಚಿಕೊಂಡು ಹೋಗುತ್ತಿದ್ದರೆ
ಹಿಂದಿನ ಸೀಟುಗಳಲ್ಲಿ ಗೊಣಗಾಟ:
ದಾಟಿಸಮ್ಮಾ, ರೈಲು ತಪ್ಪುತ್ತದೆ.
ಮುಂದೆ ತಿರುವಿದೆ ಅನ್ನುತ್ತೇನೆ.
ಆ ರಸ್ತೆಯಲ್ಲಿ ತಿರುವಿಲ್ಲ.

ಹೋದ ಆಗಸ್ಟಿನಲ್ಲಿ ನಾವಿಬ್ಬರೂ ದೋಣಿಯಲ್ಲಿದ್ದೆವು.
ತುಯಿಯಾಗೆ ಹೊಸ ಮಂಡಿಚಿಪ್ಪು, ನನಗೆ ಹೊಸ ಕನ್ನಡಕ.
ಜೊಂಡಿನಿಂದ ಇಷ್ಟು ದೂರ, ಚರ್ಚಿನ ಗೋಪುರದ ನೇರಕ್ಕೆ,
ಹುಟ್ಟು ಒಳಗಿಟ್ಟು ಸುಮ್ಮನೆ ಕೂತೆವು.
ನೀರು ಚಹಾದ ಬಣ್ಣ; ತಳ ಕಾಣುವುದಿಲ್ಲ.
ಗಾಳ ಹಾಕಲಿಲ್ಲ, ಏನಾದರೂ ಸಿಕ್ಕೀತೆಂದು.

ಟ್ಯಾಂಕಿನಲ್ಲಿ ಎಷ್ಟಿತ್ತೇ ಅವತ್ತು? ಎಂದಳು.
ಅರ್ಧ ಲೀಟರ್, ಎಂದೆ.
ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.
ಅದನ್ನು ಕೊಡಬೇಕು ನಿನಗೆ ನಾನು, ಎಂದಳು.
ಈ ಸಲ ಕೇಳಿಸಿತು.
ಹೂಂ, ಎಂದೆ.