ಎಡಸುತ್ತಿನ ನಟ್ಟು

ಮಾಂಸದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಕ್ಕೆ
ಗುಜರಿಗೆ ಬಿದ್ದ ಲೇತು ಇದು.
ಕಿಲೋಗೆ ಇಷ್ಟು ಅಂತ ಕೊಂಡೆ, ಕುಂಬಳಕಾಯಿ ಕೊಂಡ ಹಾಗೆ.
ಹಿತ್ತಿಲಿಗೆ ಉರುಳಿಸಲು ಆರು ಜನ, ನಾಲ್ಕು ಕಬ್ಬಿಣದ ಪೈಪು,
ನನ್ನ ಗಂಡ ಒಲೆಗಾರಿಯೋನ ಒಂದು ಕಾಲುಗುರು.
ಉಗುರು ಮತ್ತೆ ಬಂತು. ಮಾತು ಬರಲು ಇನ್ನೂ ತಡವಾಯಿತು.

ಹಗಲು ನನ್ನದು ಕಟ್ಟುಹಲ್ಲಿನ ಕೆಲಸ.
ಫ್ರಾಯ್ ಬೆಂಟೋಸಿನ ಅರ್ಧ ಊರು
ನಾನು ಉಜ್ಜಿಕೊಟ್ಟ ಹಲ್ಲಲ್ಲಿ ನಗುತ್ತದೆ.
ಕಣ್ಣಿಗೆ ಕಾಣದ ಕೂದಲೆಳೆ ನಾಲಗೆಗೆ ಹಗ್ಗ;
ಅದನ್ನು ಬಲ್ಲ ಬೆರಳು
ರಾತ್ರಿ ಕಬ್ಬಿಣ ಮುಟ್ಟಿದರೂ ಮರೆಯುವುದಿಲ್ಲ.

ಲೇತಿಗೊಂದು ಐಬು:
ಚಕ್ಕಿನ ಪಕ್ಕದಲ್ಲೇ, ಗೇಣುದ್ದ, ಹಾಸು ಸವೆದಿದೆ.
ಉಳಿ ಅಲ್ಲಿಗೆ ಬಂದಾಗ ಒಂದಿಷ್ಟು ತಗ್ಗುತ್ತದೆ,
ದಣಿದವನು ಮೆಟ್ಟಿಲ ಮೇಲೆ ಕೂತ ಹಾಗೆ.
ಕಡೆದದ್ದು ಆ ಜಾಗದಲ್ಲಿ
ಮಿಲಿಮೀಟರಿನ ನೂರರಲ್ಲೆರಡು ಪಾಲು ದಪ್ಪ.
ಯಾರೋ ನಲವತ್ತು ವರ್ಷ
ಒಂದೇ ಉದ್ದದ ಏನನ್ನೋ ಕಡೆದಿದ್ದಾನೆ ಇಲ್ಲಿ.
ಏನನ್ನು?

ಇರಲಿ. ಫಾರ್ಗೋ ಕತೆ ಹೇಳಬೇಕು.
ಐವತ್ತೆಂಟರ ಪಿಕಪ್ಪು, ಹಸಿರೋ ನೀಲಿಯೋ ಅದಕ್ಕೇ ನೆನಪಿಲ್ಲ,
ಬಾಗಿಲ ಸಂದಿನಲ್ಲಿ ಯಾರದೋ ಜೋಳದ ಕಾಳು,
ಸೀಟಿನಡಿ ಒಂಟಿ ಕಿವಿಯೋಲೆ.
ಜುಲೈ ಭಾನುವಾರ. ನದಿಯ ಮಂಜು
ಹಿತ್ತಿಲವರೆಗೆ ಬಂದು ನಿಂತಿತ್ತು.
ಬಲಗಡೆಯ ಚಕ್ರ ಹತ್ತು ನಿಮಿಷಕ್ಕೆ ಬಂತು.
ಎಡಗಡೆಯದಕ್ಕೆ
ಎಣ್ಣೆ ಬಿಟ್ಟೆ. ಬೆಂಕಿ ತೋರಿಸಿದೆ. ಸುತ್ತಿಗೆಯಲ್ಲಿ ಬುದ್ಧಿ ಹೇಳಿದೆ.
ಪಾನಾಕ್ಕೆ ಮಾರುದ್ದ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಂತೆ,
ಎಪ್ಪತ್ತೆರಡು ಕಿಲೋ, ಮುಚ್ಚುಮರೆಯೇನು.
ಟಪ್.
ಬೋಲ್ಟು ಮುರಿದಿತ್ತು; ನಾನು ಕೆಸರಲ್ಲಿ ಕೂತಿದ್ದೆ.

ಆಗ ಬೇಲಿಯಾಚೆ ವಾಲ್ಡೆಮಾರ್ ಬೆಂತಾಂಕೊರ್,
ಬಗಲಲ್ಲಿ ಥರ್ಮಾಸು, ಕೈಯಲ್ಲಿ ಮಾಟೆಯ ಬುರುಡೆ.
ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ ಮಹಾರಾಯ.
ಕೊಳವೆಯಿಂದ ಕೊನೇ ಗುಟುಕು ಎಳೆದು ಹೇಳಿದ:
"ಎಲಿದಾ, ಅದು ಎಡಸುತ್ತು.
ಈ ಗಾಡಿಗಳಲ್ಲಿ ಎಡಚಕ್ರಕ್ಕೆ ಎಲ್ಲ ತಿರುಗುಮುರುಗು.
ಗ್ರೀಸು ಒರೆಸು, ತುದಿಯಲ್ಲಿ ಬರೆದಿರುತ್ತೆ."

ಒರೆಸಿದೆ. ಬರೆದಿತ್ತು.
ಮಧ್ಯಾಹ್ನವಿಡೀ ನಾನು
ಬಿಚ್ಚುತ್ತೇನೆಂದುಕೊಂಡು ಬಿಗಿಯುತ್ತಿದ್ದೆ.
ಒಲೆಗಾರಿಯೋ ಕಿಟಕಿಯಲ್ಲಿ ಕಂಡ. ಏನೂ ಅನ್ನಲಿಲ್ಲ.
ಅನ್ನಬಹುದಿತ್ತು.

ಹೊಸ ಬೋಲ್ಟು ಕಡೆಯಬೇಕಾಯಿತು.
ಎಡಸುತ್ತು ಕೊರೆಯಲು ಗೇರು ಮಗುಚಬೇಕು:
ಉಳಿ ಚಕ್ಕಿನ ಬುಡದಲ್ಲಿ ಹುಟ್ಟಿ ಹೊರಕ್ಕೆ ನಡೆಯುತ್ತದೆ,
ದಿನವೂ ಒಳಗೆ ಬರುವವಳು
ಇವತ್ತು ಬೆನ್ನು ತಿರುಗಿಸಿ ಹೊರಟ ಹಾಗೆ.
ನೋಡಲು ಕಸಿವಿಸಿ. ಕೈ ತಾನಾಗಿ ತಡೆಯಲು ಹೋಗುತ್ತದೆ.
ಒಂದು ಕೆಟ್ಟಿತು. ಇನ್ನೊಂದೂ.
ಮೂರನೆಯದಕ್ಕೆ ಹಂದಿಕೊಬ್ಬು ಸವರಿದೆ, ಅಡುಗೆಮನೆಯದು;
ಸಪೂರ ಬೆಳ್ಳಿ ಸುರುಳಿ ಮೇಲೆದ್ದು
ಶೆಡ್ಡಿನ ತುಂಬ ಹಳೇ ಕಾರ್ಖಾನೆಯ ವಾಸನೆ.

ವಾಲ್ಡೆಮಾರ್ ಮೂಗರಳಿಸಿದ,
ಸವೆದ ಹಾಸಿನ ಮೇಲೆ ಹೆಬ್ಬೆರಳಾಡಿಸಿದ.
"ಡಬ್ಬಿಗೆ ಮುಚ್ಚಳ ಒತ್ತುವ ಮಿಷನ್ನಿನ ಪಿನ್ನು," ಅಂದ.
"ತಿಂಗಳಿಗೆ ಮುನ್ನೂರು. ಕಡೆಯುವವನು ಹಾಡುತ್ತಿದ್ದ, ಕೆಟ್ಟದಾಗಿ."
ಹೆಸರು ಕೇಳಿದೆ. ನೆನಪಾಗಲಿಲ್ಲ.
ಹಾಡು ನೆನಪಿತ್ತು. ಹಾಡಲಿಲ್ಲ, ಪುಣ್ಯ.

ಹಾಸು ಕೆರೆಸಿ ಸಮ ಮಾಡಿಸು ಅನ್ನುತ್ತಾರೆ ಬಲ್ಲವರು.
ದುಡ್ಡಿಲ್ಲ, ಅದು ನಿಜ.
ಅಲ್ಲಿ ಬಂದಾಗ ಹಿಡಿಯನ್ನು ಒಂದು ಗೆರೆ ಒಳಕ್ಕೆ ಒತ್ತುತ್ತೇನೆ, ಅಷ್ಟೇ,
ಕುಂಟುವವರ ಜೊತೆ ನಡೆಯುವಾಗ ಹೆಜ್ಜೆ ಸಣ್ಣದು ಮಾಡಿದಂತೆ.

ಚಕ್ರ ಕೂತಿತು.
ಬಿಚ್ಚುವ ಕಡೆಗೆ ತಿರುಗಿಸಿದೆ, ಬಿಗಿಯಿತು.
ಇಂಜಿನ್ನು ಇನ್ನೂ ಬಾಯಿಬಿಟ್ಟಿಲ್ಲ.

ಸೋಮವಾರ ಒಬ್ಬಾಕೆಗೆ ಹೊಸ ಹಲ್ಲು ಕೂರಿಸಿ
"ಕಚ್ಚಿ ನೋಡಿ" ಅಂದೆ, ಕನ್ನಡಿ ಹಿಡಿದೆ.
ಕನ್ನಡಿಗೂ ಮೊದಲು ಆಕೆ ನೋಡಿದ್ದು
ನನ್ನ ಉಗುರಿನ ಸಂದಿಯ ಕಪ್ಪು.