ಮೂರು ಇಟ್ಟಿಗೆ

ಮಂಡ್ಯ. ಭೂದಾಖಲೆ ಕಚೇರಿಯ ಹಿಂದಿನ ಕೋಣೆ.
ಎಸಿ ಕೂರಿಸಲೆಂದು ಒಡೆದ ಗೋಡೆಗೆ ಇನ್ನೂ ಗಾರೆ ಬಿದ್ದಿಲ್ಲ.
ಆ ಕಂಡಿಯಿಂದ ಆಲೆಮನೆಯ ವಾಸನೆ ಬರುತ್ತದೆ,
ಕೊಪ್ಪರಿಗೆಯ ತಳ ಹಿಡಿದ ಪಾಕದ್ದು.
ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೇನೆ
ಮೂರು ಸರ್ವರುಗಳ ಮುಂದೆ. ಗುತ್ತಿಗೆಯ ಕೊನೆಯ ವಾರ.

ಮಳವಳ್ಳಿ, ಮದ್ದೂರು, ಪಾಂಡವಪುರ ಎಂದು ಅವಕ್ಕೆ ಹೆಸರಿಟ್ಟವಳು ನಾನೇ.
ಒಂದೊಂದರ ಡಿಸ್ಕಿನಲ್ಲೂ ಇಷ್ಟಗಲ ಜಾಗ ಬಿಡಿಸಿ ಕೊಟ್ಟಿದ್ದೇನೆ;
ಈ ಕಸುಬಿನಲ್ಲಿ ಅದಕ್ಕೆ ಇಟ್ಟಿಗೆ ಅನ್ನುತ್ತಾರೆ.
ಸುಡದ, ಕಾಣದ, ಕೈಗೆ ಧೂಳು ಮೆತ್ತದ ಇಟ್ಟಿಗೆ.
ಮೂರೂ ಸೇರಿದರೆ ಹೊರಗಿನವರಿಗೆ ಒಂದೇ ಬಾಗಿಲು.
ಆ ಬಾಗಿಲಿಗೆ ಹಗೇವು ಅಂತ ಟೈಪಿಸಿದೆ, ಇಂಗ್ಲಿಷಿನ ಆರಕ್ಷರ,
ಅಜ್ಜಿ ರಾಗಿ ಇಳಿಸುತ್ತಿದ್ದ ಗುಂಡಿಯ ನೆನಪಿಗೆ.

ಮೊದಲು ಅವು ಒಂದನ್ನೊಂದು ಗುರುತು ಹಿಡಿಯಬೇಕು.
ಮಳವಳ್ಳಿ ಕೂಗಿದರೆ ಮದ್ದೂರು ಓಗೊಟ್ಟಿತು,
ಪಾಂಡವಪುರ ಮಾತ್ರ ಪಟ್ಟು ಹಿಡಿದು ಕೂತಿತು.
ನಲವತ್ತು ನಿಮಿಷ.
ತಂತಿ ಸರಿಯಿದೆ, ದೀಪ ಮಿಣುಗುತ್ತಿದೆ.
ಕೊನೆಗೆ ನೋಡಿದರೆ ವಿಳಾಸದಲ್ಲಿ ಎರಡು ಅಂಕಿ ತಿರುವುಮುರುವು.
ನನ್ನದೇ ಬೆರಳು. ಯಾರಿಗೂ ಹೇಳಲಿಲ್ಲ.

ಹೊಂಬಾಳಮ್ಮ ಬಂದು ಬಾಗಿಲಿಗೆ ಆತು ನಿಂತರು.
ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ;
ಯಾವ ಊರಿನ ರುಮಾಲು ಯಾವ ಹಲಗೆಯ ಮೇಲೆ
ಅಂತ ಕರೆಂಟು ಹೋದಾಗಲೂ ಬಲ್ಲ ಕೈ.
"ಕಾರೇಕೊಪ್ಪಲಿನ ಟಿಪ್ಪಣಿ ಈಗ ಎಲ್ಲದೆ ಕನವ್ವ?"
ಮೂರರಲ್ಲೂ ಇದೆ ಅಂದೆ.
"ಮೂರರಲ್ಲೂ ಇದ್ರೆ ನಿಜವಾದ್ದು ಯಾವುದು?"

ಓದಿದ ಯಾವ ಕೈಪಿಡಿಯಲ್ಲೂ ಯಾರೂ ಇದನ್ನು ಕೇಳಿರಲಿಲ್ಲ.
ಎರಡು ಒಪ್ಪಿದ್ದು ನಿಜ, ಅಂದೆ. ಒಂದು ಮಲಗಿದರೆ
ಉಳಿದೆರಡು ಸೇರಿ ಹೇಳಿದ್ದೇ ಲೆಕ್ಕ.
ಒಂಟಿಯಾಗಿ ಉಳಿದದ್ದು ಬಾಯಿ ಮುಚ್ಚಿಕೊಂಡಿರಬೇಕು, ಬರೆಯಕೂಡದು.

ನಕ್ಕುಬಿಟ್ಟರು.
"ನಾ ಸೇರಿದ ವರ್ಸ ಆ ಊರಿನ ಗಂಟ್ನೆಲ್ಲ ಗೆದ್ಲು ತಿಂದಿತ್ತು.
ಗಡಿ ತೋರ್ಸಿ ಅಂತ ಮೂರ್ ಜನ್ವ ಕರ್ಸಿದ್ರು.
ಒಬ್ಬ ಕಿವುಡ, ಒಬ್ಬ ಊರಿಗೇ ಹೆಸರಾದ ಸುಳ್ಳ,
ಇನ್ನೊಬ್ಳು ದನ ಕಾಯೋಳು.
ಕಿವುಡ ಹುಣಸೆಮರ ತೋರ್ಸ್ದ.
ಸುಳ್ಳನೂ ದನದೋಳೂ ಬಂದು ನಿಂತಿದ್ದು ಒಂದೇ ಬದಿನಲ್ಲಿ.
ಸರ್ವೆಯವ್ರು ಅಲ್ಲೇ ಕಲ್ಲು ನೆಡ್ಸುದ್ರು."

ಇಬ್ಬರೂ ಸೇರಿ ಒಂದೇ ಸುಳ್ಳು ಹೇಳಿದ್ದರೆ?
ಸೆರಗಿನ ಗಂಟಿನಿಂದ ಎಲೆ ತೆಗೆದರು, ಸುಣ್ಣ ಸವರಿದರು.
"ಹೇಳಿದ್ರೂ ಹೇಳಿರ್ಬೌದು. ಕಲ್ಲಂತೂ ಅಲ್ಲೇ ಅದೆ."

ಮೂರೂ ಒಂದೇ ಕೋಣೆಯಲ್ಲಿವೆ, ಅದು ಬೇರೆ.
ಒಂದಾದರೂ ಬೇರೆ ಕಟ್ಟಡದಲ್ಲಿರಲಿ ಎಂದು ಬರೆದ ಪತ್ರಕ್ಕೆ ಉತ್ತರವಿಲ್ಲ.
ಮೂವರು ಸಾಕ್ಷಿಗಳನ್ನೂ ಒಂದೇ ತೆಪ್ಪದಲ್ಲಿ
ಹೊಳೆ ದಾಟಿಸಿದ ಹಾಗೆ.

ಹನ್ನೊಂದು ಸಾವಿರ ನಕ್ಷೆ ಒಳಗಿಳಿಯುತ್ತಿದ್ದವು.
ಕಿತ್ತು ನೋಡಿ ಅಂದೆ, ನೀಲಿ ತಂತಿ ತೋರಿಸಿ.
ಮದ್ದೂರಿನದ್ದು ಕಿತ್ತರು, ಹಾವಿನ ಬಾಲದಂತೆ ದೂರ ಹಿಡಿದು.
ಪರದೆಯ ಮೇಲೆ ಗೆರೆ ನಿಂತಿತು.
ನಲವತ್ತೆರಡು ಸೆಕೆಂಡು ಕಾಯುತ್ತದೆ ಅದು, ಗೊತ್ತಿತ್ತು,
ಆದರೂ ಹೊಟ್ಟೆಯೊಳಗೆ ಏನೋ ಮಗುಚಿಕೊಂಡಿತು.
ಆಮೇಲೆ ನಡೆಯಿತು, ಇಬ್ಬರೇ ಹೊತ್ತ ಮೂಟೆಯ ಹಾಗೆ.

ತಂತಿ ಮತ್ತೆ ಚುಚ್ಚಿದಾಗ ಮದ್ದೂರು ಎದ್ದು
ತಾನಿಲ್ಲದಾಗ ನಡೆದದ್ದನ್ನೆಲ್ಲ ಕೇಳಿ ಕೇಳಿ ಬರೆದುಕೊಂಡಿತು.
ಮಾಯಬೇಕಾದ್ದು ಇನ್ನೂ ನಾನೂರ ಹನ್ನೆರಡು. ಮುನ್ನೂರ ಅರವತ್ತು.
ತೊಂಬತ್ತು. ಹಾಲುಕ್ಕುವುದನ್ನು ಕಾಯುವಂತೆ
ಹೊಂಬಾಳಮ್ಮ ಬಗ್ಗಿ ನೋಡುತ್ತಿದ್ದರು.
ಹದಿನೇಳು. ಹದಿನೇಳು. ಹದಿನೇಳು.
ಸೊನ್ನೆ.

ಹೋಗುವಾಗ ಮಡಿಲಿನಿಂದ ಒಂದು ಬಜೆ ಬೇರು ತೆಗೆದು,
ರುಮಾಲುಗಳ ನಡುವೆ ಇಡುವಂಥದ್ದೇ,
ಮದ್ದೂರಿನ ತಲೆಯ ಮೇಲಿಟ್ಟರು, ಗಾಳಿಯಾಡುವ ಜಾಗ ಬಿಟ್ಟು.
"ಹುಳ ಬರ್ದೆ ಇರ್ಲಿ."

ನಾಳೆ ತಪಾಸಣೆಗೆ ಇಂಜಿನಿಯರು ಬರುತ್ತಾರೆ.
ತೆಗೆಯಲೋ ಬೇಡವೋ ಎಂದು ಕೈ ಚಾಚಿ, ಹಿಂದೆಗೆದು,
ಹಸ್ತಾಂತರದ ಪಟ್ಟಿಯ ಕೊನೆಗೆ ಸೇರಿಸಿದೆ:
ಬಜೆ, ಒಂದು.