ಎರಡು ಕಾಜ

ಕೌಲ್ ಬಜಾರಿನ ನಮ್ಮ ಮಳಿಗೆಯಲ್ಲಿ
ಗುಂಡಿ ತುಂಬಿದ ಬಿಸ್ಕೀಟ್ ಡಬ್ಬದ ತಳಕ್ಕೆ
ಹನ್ನೊಂದು ಕಾಗದ.
ತೆಕ್ಕಲಕೋಟೆ ಪಂಪಯ್ಯ ಡಾಕ್ಟರು ಬರೆದದ್ದು,
ಯುದ್ಧದಿಂದ, ನನ್ನ ತಾತ ಗ್ಯಾನೋಬನಿಗೆ.
ತಾತನಿಗೆ ಓದು ಬರದು.
ಟೇಪಿನ ಮೇಲಿನ ಅಂಕಿ ಬಿಟ್ಟರೆ
ಅಕ್ಷರವೆಲ್ಲ ಅವನಿಗೆ ಕಚ್ಚಾ ಹೊಲಿಗೆ.
ಓದುವವಳು ಅಜ್ಜಿ. ಮಷೀನು ನಿಲ್ಲಿಸದೆ ಕೇಳುವವನು ಇವನು.

ಮೊದಮೊದಲು ಬರೀ ಅಂಗಿಯ ಮಾತು:
"ಉಭಯ ಕುಶಲೋಪರಿ.
ನೀ ಹೊಲಿದ ಕೋಟು ಕಂಕುಳಲ್ಲಿ ಹಿಡಿಯುವುದಿಲ್ಲ, ಸಂತೋಷ.
ಇಲ್ಲಿಯ ಮಳೆಗೆ ಖಾಕಿ ಒಣಗುವುದೂ ಇಲ್ಲ.
ಬಳ್ಳಾರಿ ಬಿಸಿಲನ್ನು ಬೈದದ್ದೆಲ್ಲ
ವಾಪಸ್ಸು ತಗೊಂಡೆ."
ಊರಿನ ಹೆಸರಿದ್ದಲ್ಲಿ ಚೌಕದ ತೂತು.
ತಾತ ಅದನ್ನು ಬೆಳಕಿಗೆ ಹಿಡಿದು
ಕತ್ತರಿ ಚಲೋದೈತಿ, ಕೈ ಹೊಸದು
ಅಂದನಂತೆ.

ಆಮೇಲೆ ಶುರು ಜಗಳ.
"ನಾನು ಎಲ್.ಎಂ.ಪಿ. ಹದಿನಾಲ್ಕು ವರ್ಷ
ಬ್ರೂಸ್‌ಪೇಟೆಯಲ್ಲಿ ನಾಡಿ ಹಿಡಿದವನು.
ನಿನ್ನೆ ಮೀಸೆ ಬಂದ ಎಂ.ಬಿ.ಯವನ ಭುಜಕ್ಕೆ ನಕ್ಷತ್ರ,
ಅವನೆದುರು ನಾನು ಹಿಮ್ಮಡಿ ಜೋಡಿಸಿ ನಿಲ್ಲಬೇಕು.
ನಿಲ್ಲುತ್ತೇನೆ, ಅದಕ್ಕಲ್ಲ.
ಮಾರ್ಫಿಯಾ ಕಪಾಟಿನ ಬೀಗದ ಕೈ ಅವನ ಸೊಂಟದಲ್ಲಿ.
ರಾತ್ರಿ ಎರಡಕ್ಕೆ ಹೊಟ್ಟೆ ಹರಿದುಕೊಂಡು ಬಂದನೊಬ್ಬ ಹುಡುಗ,
ಸಹಿಗೆಂದು ಮೆಸ್ಸಿನವರೆಗೆ ಓಡಿದೆ.
ಸಹಿ ಬಂತು.
ಹುಡುಗ ಕಾಯಲಿಲ್ಲ."

"ಅರ್ಜಿ ಹಾಕಿದೆವು. ಮೂವತ್ತೊಂದು ಸಹಿ.
ತಕ್ಕ ಮಾರ್ಗದಲ್ಲಿ ಬರತಕ್ಕದ್ದು ಎಂಬ ಷರಾ ಹೊತ್ತು ಮರಳಿತು.
ತಕ್ಕ ಮಾರ್ಗವೆಂದರೆ ಅದೇ ಮೇಜರನ ಮೇಜು.
ಮತ್ತೆ ಬರೆದೆವು. ಈ ಸಲ ಇಪ್ಪತ್ತು."
ಮುಂದಿನದರಲ್ಲಿ ಹನ್ನೆರಡು.
ಅದರ ಮುಂದಿನದರಲ್ಲಿ ಎಷ್ಟೋ ಗೊತ್ತಿಲ್ಲ,
ಸಾಲಿಗೆ ಸಾಲೇ ಕತ್ತರಿಸಿ ಹಾಳೆಯೆಲ್ಲ ಜಾಲರಿ.
ಉಳಿದಿರುವುದು: ಗ್ಯಾನೋಬಾ.
ಉಪ್ಪಿನಕಾಯಿ ಮುಟ್ಟಿತು.
ಕ್ವಿನೈನು.
ನಾಚಿಕೆ.

ಎಂಟನೆಯದನ್ನು ಅಜ್ಜಿ ಒಮ್ಮೆ ಮಾತ್ರ ಓದಿದಳು.
"ವಾರ್ಡಿನಲ್ಲಿ ನಮ್ಮ ಕಡೆಯವನೇ ಒಬ್ಬ ಇದ್ದಾನೆ,
ಕಂಪ್ಲಿಯ ಹುಲುಗಪ್ಪ, ಬೋಗುಣಿ ಎತ್ತುವವನು.
ಅರ್ಜಿಗೆ ಶಾಯಿ ಕಲಸುತ್ತಿದ್ದೆ, ಬಂದು ಕೇಳಿದ:
ಇದ್ರಾಗ ನಮ್ದೂ ಒಂದು ಸಾಲು ಹಾಕ್ತೀರೇನ್ರಿ?
ಹುಲುಗಪ್ಪನ ತಾಟು ನಮ್ಮ ತಾಟಿನ ಜೋಡಿ ತೊಳೀಬ್ಯಾಡ್ರಿ ಅಂತ
ಹೇಳಿದವ್ರು ನೀವು,
ಮೇಜರ್ ಸಾಹೇಬ್ರಲ್ಲ.
ನಾನು ಶಾಯಿ ಕಲಸುತ್ತಲೇ ಇದ್ದೆ."
ಆಮ್ಯಾಲ? ಅಂದ ತಾತ.
ಆಮ್ಯಾಲ ಮಳಿ ಬಗ್ಗೆ ಬರದಾರ, ಅಂದಳು ಅಜ್ಜಿ.

ಕೊನೆಗೊಮ್ಮೆ ಹುಕುಂ ಬಂತು.
"ಇನ್ನು ಎಲ್ಲ ಡಾಕ್ಟರುಗಳೂ ಒಂದೇ ದಳವಂತೆ, ನಮಗೂ ನಕ್ಷತ್ರವಂತೆ.
ಭುಜಪಟ್ಟಿ ಎತ್ತಿ ನೋಡಿದರೆ, ಕಳ್ಳ,
ಎರಡು ಕಾಜ ತೆಗೆದು ದಾರದಿಂದ ಮುಚ್ಚಿಟ್ಟಿದ್ದೀ!
ನಿನಗೆ ಮೊದಲೇ ಹೇಗೆ ತಿಳಿಯಿತು?"
ತಾತನಿಗೆ ಏನೂ ತಿಳಿದಿರಲಿಲ್ಲ.
ಡಾಕ್ಟರೆಂದರೆ ನಕ್ಷತ್ರ ಇದ್ದೇ ಇರುತ್ತದೆಂದು ಕತ್ತರಿಸಿಬಿಟ್ಟಿದ್ದ,
ಇಲ್ಲವೆಂದು ಗೊತ್ತಾಗಿ ರಾತ್ರೋರಾತ್ರಿ ಹೊಲಿದಿದ್ದ.
ಬಟ್ಟೆಯ ದುಡ್ಡು ಹಿಡಿದಾರೆಂಬ ಹೆದರಿಕೆ.

ಹನ್ನೊಂದನೆಯದು ಅಂಗೈಯಗಲದ ಚೀಟಿ.
"ಹುಲುಗಪ್ಪನ ಅಳತೆ: ಎದೆ ಮೂವತ್ತೆರಡು, ತೋಳು ಇಪ್ಪತ್ತಮೂರು.
ಒಂದು ಅಂಗಿ. ದುಡ್ಡು ನನ್ನ ಲೆಕ್ಕಕ್ಕೆ."
ಅಂಗಿ ಹೋಯಿತೋ ಇಲ್ಲವೋ
ತಾತನ ವಹಿಯಲ್ಲಿ ಆ ವರ್ಷದ ಪುಟಗಳನ್ನು ಗೆದ್ದಲು ತಿಂದಿದೆ.

ಕೋಟು ಬಂತು, ಯುದ್ಧ ಮುಗಿದ ಮೇಲೆ,
ಎರಡಿಂಚು ಹಿಡಿಸಲೆಂದು. ಒಯ್ಯಲು ಯಾರೂ ಬರಲಿಲ್ಲ.

ನಾನೀಗ ಜೀನ್ಸಿಗೆ ಕಾಜ ಹೊಡೆಯುವವಳು, ದಿನಕ್ಕೆ ಆರುನೂರು.
ಮೊನ್ನೆ ಕರೆಂಟ್ ಹೋದಾಗ ಕೋಟನ್ನು ಬಾಗಿಲಿಗೆ ತಂದು ನೋಡಿದೆ.
ಒಂದು ಕಾಜ ಬಿಚ್ಚಿದೆ, ಸುತ್ತ ತುಕ್ಕಿನ ಉಂಗುರ.
ಇನ್ನೊಂದು ಮುಚ್ಚಿದ್ದು ಮುಚ್ಚಿದ ಹಾಗೇ ಇದೆ.
ಯಾಕೆಂದು ಯಾವ ಕಾಗದದಲ್ಲೂ ಇಲ್ಲ,
ಕತ್ತರಿಸಿದ ಸಾಲುಗಳಲ್ಲಿ ಇತ್ತೋ ಏನೋ.
ಉಗುರಿಂದ ಎಳೆದು ನೋಡಿದೆ.
ದಾರ ಇನ್ನೂ ಗಟ್ಟಿ.